ಬೀಗ ಹಾಕಿದ ನೀರು

ಆ ಶನಿವಾರವೂ ಅಣ್ಣ ಸ್ಟೀಲಿನ ಚಮಚ ಹಿಡಿದು ಟೆರೇಸಿಗೆ ಹೋದ. ಬೆಂಕಿ ಆರಿಸಲೆಂದೇ ಇಟ್ಟ ಕಬ್ಬಿಣದ ಟ್ಯಾಂಕಿಗೆ ಮೇಲಿನಿಂದ ಕೆಳಕ್ಕೆ ಟಣ್ ಟಣ್ ಎಂದು ಬಡಿದ. ಸದ್ದು ಎಲ್ಲಿ ಮಂದವಾಯಿತೋ ಅಲ್ಲಿಯವರೆಗೆ ನೀರಿದೆ ಎಂದು ಲೆಕ್ಕ. ಇಳಿದು ಬಂದು, ತಾಲಿಪೆಟ್ಟು ಮುರಿಯುತ್ತ ಹೇಳಿದ: "ಟ್ಯಾಂಕ್ ತುಂಬೇದ. ವಾಲ್ವಿಗೆ ಹಾಕಿದ ಕೀಲಿನೂ ಹಂಗೇ ಅದ."

ಮರುದಿನ ಮಧ್ಯಾಹ್ನ ಅವನು ಇರಲಿಲ್ಲ.

ವಸಂತಣ್ಣ ಮದುವೆಯಾಗಲಿಲ್ಲ. ಭಾಂಡುಪ್ ಉಪನಗರದ ನಮ್ಮ ಏಳು ಮಹಡಿಯ ಬಿಲ್ಡಿಂಗಿನಲ್ಲಿ, ನನ್ನ ಜೊತೆಯೇ ಇದ್ದ. ಅಣು ರಿಯಾಕ್ಟರುಗಳ ಸುರಕ್ಷತೆ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತನಾದವನು. ಕರೆಂಟ್ ಹೋದರೂ, ಪಂಪ್ ಕೆಟ್ಟರೂ, ಯಾರೂ ಬಟನ್ ಒತ್ತದಿದ್ದರೂ ಎತ್ತರದ ತೊಟ್ಟಿಯ ನೀರು ತಾನೇ ಇಳಿದು ರಿಯಾಕ್ಟರನ್ನು ತಣ್ಣಗಿಡಬೇಕು. ಅಂಥ ಕೊಳವೆಗಳನ್ನು ಜೋಡಿಸುವುದು, ಅಳೆಯುವುದು, ಮತ್ತೆ ಬಿಚ್ಚುವುದು ಅವನ ಜೀವಮಾನದ ಕೆಲಸ.

ನಾನು ಓದಿದ್ದು ವಿಜಯಪುರದಲ್ಲಿ, ಹತ್ತನೆಯ ತರಗತಿವರೆಗೆ. ನನಗೂ ತಿಳಿಯುವಂತೆ ಹೇಳುತ್ತಿದ್ದ: "ಮನಷಾ ಹೆದರ್ತಾನ, ಮರೀತಾನ, ಓಡಿಹೋಗ್ತಾನ. ನೀರು ಓಡಿದ್ರೂ ಕೆಳಗೇ ಓಡ್ತದ. ಅದಕ್ಕ ನೀರಿನ ಮ್ಯಾಲೆ ಭರೋಸಾ ಇಡಬೇಕು, ತಂಗಿ."

ಒಮ್ಮೆ ಕುಕ್ಕರಿನ ಸೀಟಿಯಲ್ಲಿ ಬೇಳೆ ಸಿಕ್ಕಿ, ಪಕ್ಕದ ಸೇಫ್ಟಿ ವಾಲ್ವ್ ಕರಗಿ, ಸಾರೆಲ್ಲ ಚಾವಣಿಗೆ ಹಾರಿತು. ನಾನು ಅಳುತ್ತ ನಿಂತಿದ್ದೆ. ಅಣ್ಣ ಚಪ್ಪಾಳೆ ತಟ್ಟಿದ. "ಭಾರೀ ಕೆಲಸ ಮಾಡ್ತು ನೋಡು! ಬ್ಯಾಳಿ ಹೋತು, ನೀ ಉಳದಿ." ಆಮೇಲೆ ಸ್ಟೂಲ್ ಹತ್ತಿ ಚಾವಣಿ ಒರೆಸಿದವನೂ ಅವನೇ.

ಪತ್ರಿಕೆಯಲ್ಲಿ ಯಾರಾದರೂ ಜೀವದ ಹಂಗು ತೊರೆದು ಜನರನ್ನು ಉಳಿಸಿದ ಸುದ್ದಿ ಬಂದರೆ ಅವನಿಗೆ ಸಿಟ್ಟು. "ಶೂರ ಬೇಕಾದಾ ಅಂದ್ರ, ಅವಗಿಂತ ಮೊದಲ ಯಾರೋ ಕೆಲಸ ಕೆಡಿಸ್ಯಾರ. ಅವರ ಹೆಸರು ಹಾಕೂದಿಲ್ಲ ಪೇಪರಿನ್ಯಾಗ."

ನಮ್ಮ ಬಿಲ್ಡಿಂಗಿನಲ್ಲಿ ಕೆಲಸ ಕೆಟ್ಟದ್ದು ಹೀಗೆ. ಕೆಲವರು ಬೆಂಕಿಗಾಗಿ ಇಟ್ಟ ಪೈಪಿನಿಂದ ಬೈಕು ತೊಳೆಯುತ್ತಿದ್ದರು. ಅವರನ್ನು ಗದರಿಸುವ ಧೈರ್ಯವಿಲ್ಲದ ಕಮಿಟಿ, ಟ್ಯಾಂಕಿನಿಂದ ನೀರು ಇಳಿಯುವ ವಾಲ್ವನ್ನೇ ಮುಚ್ಚಿ ಸರಪಳಿ ಸುತ್ತಿ ಬೀಗ ಹಾಕಿತು. ಅಣ್ಣ ಮೂರು ಅರ್ಜಿ ಬರೆದ: ವಾಲ್ವ್ ಸದಾ ತೆರೆದಿರಲಿ; ಬೀಗದ ಬದಲು ಕೆಳಗಿನ ನಲ್ಲಿಗಳಿಗೆ ಕೈಯಿಂದಲೇ ಕಿತ್ತುಹಾಕಬಹುದಾದ ತೆಳು ತಂತಿಯ ಸೀಲ್ ಹಾಕಿ; ಯಾರು ಮುಟ್ಟಿದರೂ ಗೊತ್ತಾಗುತ್ತದೆ.

ಸೆಕ್ರೆಟರಿ ಪ್ರಭಾಕರ್ ಉಡುಪಿ ಕಡೆಯವರು. ಮೀಟಿಂಗಿನಲ್ಲಿ ನಕ್ಕರು. "ಬಿಡಿ ಮಾರಾಯ್ರೆ, ಇದೆಂಥ ಅಣುಸ್ಥಾವರವಾ? ಬೆಂಕಿ ಬಿದ್ರೆ ಕೆಳಗೆ ಪಂಪ್ ಉಂಟಲ್ಲ. ಚಾವಿ ನನ್ನತ್ರವೇ ಸೇಫ್."

"ಪಂಪ್ ಕರೆಂಟಿಗೆ ಕಾಯ್ತದ. ವಾಲ್ವ್ ನಿಮಗ ಕಾಯ್ತದ. ಬೆಂಕಿ ಯಾರಿಗೆ ಕಾಯ್ತದರೀ?" ಎಂದ ಅಣ್ಣ. ಎಲ್ಲರೂ ನಕ್ಕರು. ಚಹಾ ಬಂತು.

ಆ ಭಾನುವಾರ ನೆಲಮಹಡಿಯ ಹಾಸಿಗೆ ಅಂಗಡಿಗೆ ಬೆಂಕಿ ಹತ್ತಿತು. ಕರೆಂಟ್ ತೆಗೆದರು, ಪಂಪ್ ನಿಂತಿತು. ಪ್ರಭಾಕರ್ ದೂರದ ಮಾಟುಂಗದಲ್ಲಿ ಮದುವೆ ಊಟದಲ್ಲಿದ್ದರು. ಬೀಗದ ಕೈ ಅವರ ಜೇಬಿನಲ್ಲಿತ್ತು. ಅಣ್ಣ ನನ್ನನ್ನು ನೆರೆಯವರೊಂದಿಗೆ ಕೆಳಗೆ ಕಳಿಸಿ, ಕಬ್ಬಿಣದ ಸಲಾಕೆ ಹಿಡಿದು ಮೇಲೆ ಹೋದ. ವಾಲ್ವ್ ಇರುವುದು ಮೆಟ್ಟಿಲ ತುದಿಯ, ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ. ಹೊಗೆಯೂ ಅಲ್ಲಿಗೇ ಏರಿತ್ತು.

ಕೆಳಗೆ ಖಾಲಿ ಪೈಪು ಹಿಡಿದು ನಿಂತವರ ಕೈಯಲ್ಲಿ ಅದು ತಟ್ಟನೆ ಉಬ್ಬಿತು. ನೀರು ಬಂತು. ಎಲ್ಲರೂ ಕೂಗಿದರು. ನಾನು ಮೆಟ್ಟಿಲ ಕಡೆ ನೋಡುತ್ತ ನಿಂತೆ.

ಶ್ರದ್ಧಾಂಜಲಿ ಸಭೆಯಲ್ಲಿ ಅವನ ಫೋಟೊಗೆ ಹಾರ ಹಾಕಿ "ವಸಂತ್‌ರಾವ್ ನಮ್ಮ ಹೀರೋ" ಎಂದರು ಪ್ರಭಾಕರ್. ನಾನು ಜನರೆದುರು ಮಾತಾಡಿದವಳಲ್ಲ. ಅಂದು ಎದ್ದು ನಿಂತೆ. "ಅವ ಹೀರೋ ಆಗಾಕ ಹೋಗಿರಲಿಲ್ಲರೀ. ನೀವು ಹಾಕಿದ ಕೀಲಿ ಮುರಿಯಾಕ ಹೋಗಿದ್ದ." ಯಾರೋ ನನ್ನ ಕೈ ಹಿಡಿದು ಕೂರಿಸಿದರು, ದುಃಖದಲ್ಲಿ ಆಡುತ್ತಿದ್ದಾಳೆ ಎಂಬಂತೆ. ದುಃಖವಿತ್ತು. ಆದರೆ ನಾನು ಆಡಿದ್ದು ಸರಿಯಾಗಿಯೇ ಇತ್ತು.

ನಿನ್ನೆ ಅವನ ಚಮಚ ಹಿಡಿದು ನಾನೇ ಮೇಲೆ ಹೋಗಿದ್ದೆ. ಟ್ಯಾಂಕಿಗೆ ಬಡಿದೆ, ಸದ್ದು ಮಂದವಾದದ್ದು ಎಲ್ಲಿ ಎಂದು ನನಗೆ ತಿಳಿಯಲಿಲ್ಲ. ವಾಲ್ವಿಗೆ ಹೊಸ ಬೀಗ ಬಂದಿದೆ. ಅಣ್ಣ ಕೇಳಿದ ತೆಳು ತಂತಿ ಇನ್ನೂ ಬಂದಿಲ್ಲ.