ಕುದುರೆಯ ಜ್ವರ, ನನ್ನ ಸಾಕ್ಷಿ

ನಾನು ಮಸ್ಕಿಯ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಮಾವನವರ ಕುದುರೆಗೆ ಜ್ವರ ಬಂತು. ನಿಜಾಮರ ಆಡಳಿತ ಹೋದ ಮೇಲಿನ ಎರಡನೆಯ ಮಳೆಗಾಲ ಅದು. ಮಾವ ಹತ್ತಿ ವ್ಯಾಪಾರಿ. ಜವಳಗೇರಾ, ಸಾಲಗುಂದದ ಕಡೆ ಹೋಗಿ ಬೆಳೆ ನೋಡಿ ಬರಲು ಆ ಕೆಂಪು ಹೆಣ್ಣುಕುದುರೆಯೇ ಅವರಿಗೆ ಆಧಾರ.

ವಿಚಿತ್ರ ಜ್ವರ. ಎರಡು ದಿನ ಮೈ ಸುಡುತ್ತಿತ್ತು, ಆಮೇಲೆ ನಾಲ್ಕೈದು ದಿನ ತಣ್ಣಗಿರುತ್ತಿತ್ತು. ಮೇವನ್ನು ಮಾತ್ರ ಬಿಡಲಿಲ್ಲ. ಆದರೂ ಪಕ್ಕೆಲುಬು ಎದ್ದು ಕಂಡವು, ಕಾಲು ಬಾತವು, ಹಿಂದಿನಿಂದ ನೋಡಿದರೆ ಕುಡಿದವರಂತೆ ತೂರಾಡುತ್ತಿತ್ತು.

"ತಿನ್ನೂದು ತಿಂತೈತಿ, ಮತ್ತ ಸೊರಗಾಕತ್ತೈತಿ. ಯಾರೋ ಏನೋ ಮಾಡ್ಯಾರ" ಎಂದರು ಅತ್ತೆ. ಹೇಳುತ್ತ ನನ್ನ ಕಡೆ ನೋಡಿದರು. "ಹೋದ ವರ್ಷ ಹಿಂಗಿರಲಿಲ್ಲ" ಎಂದು ಸೇರಿಸಿದರು. ಹೋದ ವರ್ಷ ನಾನಿರಲಿಲ್ಲ.

ಅಂದಿನಿಂದ ನಾನು ಕುದುರೆಯ ಹತ್ತಿರ ಹೋದರೆ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಾನು ನೀರು ಇಟ್ಟರೆ ಚೆಲ್ಲಿ ಬೇರೆ ನೀರು ಇಡುತ್ತಿದ್ದರು. ನಾನು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ.

ನಮ್ಮ ಮನೆಗೆ ದಿನಾ ಹಸಿ ಹುಲ್ಲು ತರುತ್ತಿದ್ದ ಮುದುಕಿಯೊಬ್ಬಳಿದ್ದಳು. ಹಳ್ಳದ ದಂಡೆಯಲ್ಲಿ ಕೊಯ್ದು ಹೊರೆ ಹೊತ್ತು ಬರುತ್ತಿದ್ದಳು. ಹುಲ್ಲು ತೊಯ್ದಿದೆ ಎಂದು ಅತ್ತೆ ಅವಳೊಂದಿಗೆ ಒಮ್ಮೆ ಜೋರಾಗಿ ಜಗಳವಾಡಿದ್ದರು. ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದು ಕೇಳಿದರು: "ಆಕಿ ಕುದರಿ ಮೈ ಮುಟ್ಟಿದ್ದು ನೀ ಏನರ ನೋಡಿಯೇನು?"

ನೋಡಿದ್ದೆ. ಮುದುಕಿ ಹೊರೆ ಇಳಿಸಿ ಕುದುರೆಯ ಹೊಟ್ಟೆಗೆ ಕೂತಿದ್ದ ದೊಡ್ಡ ನೊಣವನ್ನು ಅಂಗೈಯಿಂದ ಹೊಡೆದಿದ್ದಳು. ನೊಣ ಒಡೆದು ಕೈಗೆ ರಕ್ತ ಹತ್ತಿತ್ತು. "ಈ ಹಾಳಾದವು ಬಿಡಾಂಗಿಲ್ಲ ನೋಡು ತಂಗಿ" ಎಂದು ನನಗೇ ಹೇಳಿದ್ದಳು. ಆದರೆ ಅತ್ತೆಗೆ ನಾನು ಹೇಳಿದ್ದು ಇಷ್ಟೇ: "ಮುಟ್ಟಿದಳ್ರಿ. ಬಾಯಾಗ ಏನೋ ಅಂದಳು. ಕೈಗೆ ರಕ್ತ ಹತ್ತಿತ್ತು."

ಸುಳ್ಳು ಒಂದೂ ಇರಲಿಲ್ಲ. ನೊಣದ ಮಾತನ್ನು ಬಿಟ್ಟಿದ್ದೆ, ಅಷ್ಟೆ. ಮಾರನೆಯ ದಿನ ಓಣಿಯ ಮಂದಿಯ ಎದುರಿಗೇ ಅತ್ತೆ ಮುದುಕಿಯ ಹೊರೆಯನ್ನು ಬೀದಿಗೆ ಎಸೆದರು. ಅವಳು ನನ್ನ ಮುಖ ನೋಡಿದಳು. ನಾನು ಒಳಗೆ ಹೋದೆ. ಆ ದಿನ ನನಗೆ ಹೊಟ್ಟೆತುಂಬ ಊಟ ಸೇರಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಾವ ದನದ ಡಾಕ್ಟರನ್ನು ಕರೆಸಿದರು. ಅವರು ಲಿಂಗಸುಗೂರಿನಲ್ಲಿದ್ದು ಸಂತೆಯ ದಿನ ಮಸ್ಕಿಗೆ ಬರುತ್ತಿದ್ದರು. ಕುದುರೆಯ ಕಿವಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಗೆದುಕೊಂಡು, ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಬಿಸಿಲು ಹಿಡಿದು ಬಹಳ ಹೊತ್ತು ನೋಡಿದರು.

"ಇವತ್ತು ಏನೂ ಕಾಣವಲ್ದು ಯಜಮಾನ್ರ. ಜ್ವರ ಏರಿದ ದಿನ ಹೇಳಿ ಕಳಸ್ರಿ."

ಅವರು ಹೋದ ಮೇಲೆ ಮಾವ ಅಂದರು: "ದುರ್ಬೀನಿನಾಗೂ ಕಾಣಲಿಲ್ಲಂದ್ರ ಇದು ರೋಗ ಅಲ್ಲ." ಅತ್ತೆಗೆ ಇನ್ನೇನು ಬೇಕು?

ನಾಲ್ಕು ದಿನಕ್ಕೆ ಮತ್ತೆ ಜ್ವರ ಬಂತು. ಹೇಳಿ ಕಳಿಸಿದೆವು. ಈ ಸಲ ಡಾಕ್ಟರು ಕಣ್ಣಿಟ್ಟವರೇ "ಸಿಕ್ಕಿತು" ಎಂದರು. ಮಾವ ನೋಡಿದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. "ಬಾರವ್ವಾ, ನೀನೂ ನೋಡು" ಎಂದರು ಡಾಕ್ಟರು. ದುಂಡು ದುಂಡು ರಕ್ತಕಣಗಳ ನಡುವೆ ಬಾಲದಂಥದ್ದೇನೋ ಒದ್ದಾಡುತ್ತಿತ್ತು. ಹುಳ ಸರಿಯಾಗಿ ಕಾಣುತ್ತಿರಲಿಲ್ಲ. ಅದು ತಳ್ಳಿದ ಕಣಗಳು ನಡುಗುವುದು ಕಾಣುತ್ತಿತ್ತು.

"ಇದಕ್ಕ ಸುರ್ರಾ ಅಂತಾರ. ಜ್ವರ ಬಂದಾಗ ರಕ್ತದಾಗ ತುಂಬಿರ್ತಾವ, ಜ್ವರ ಇಳಿದಾಗ ಸಿಗೂದ ಕಷ್ಟ. ಅದಕ್ಕ ಅವತ್ತು ತಪ್ಪಿಸಿಕೊಂಡ್ವು."

"ಯಾರು ಹಾಕ್ಯಾರ್ರಿ ಇದನ್ನ?" ಎಂದರು ಅತ್ತೆ ಒಳಗಿನಿಂದಲೇ.

ಡಾಕ್ಟರು ಎದ್ದು ಹೋಗಿ ಕೊಟ್ಟಿಗೆ ನೋಡಿದರು. ಕುದುರೆಯಿಂದ ನಾಲ್ಕು ಮಾರು ದೂರದಲ್ಲಿ ಅತ್ತೆ ತವರಿನಿಂದ ತಂದ ಎಮ್ಮೆ ಕಟ್ಟಿತ್ತು. ಮೈ ಮಿರಿಮಿರಿ, ಎರಡು ಹೊತ್ತು ಹಾಲು. ಡಾಕ್ಟರು ಅದರ ಕಿವಿಯನ್ನೂ ಚುಚ್ಚಿದರು. ಅತ್ತೆ ಸೆರಗು ಬಾಯಿಗೆ ಹಿಡಿದು ನಿಂತರು. ಗಾಜಿನ ಮೇಲೆ ಗಾಜು ಬದಲಿಸಿ, ಕೊನೆಗೆ ಒಂದರಲ್ಲಿ ಒಂದೇ ಒಂದು ಹುಳ ಸಿಕ್ಕಿತು.

"ಎಮ್ಮಿಗೆ ಇದು ಬಹಳ ಸಲ ಏನೂ ಮಾಡಂಗಿಲ್ಲ, ಸುಮ್ಮನ ಒಳಗ ಇರ್ತದ. ಕಚ್ಚೋ ನೊಣ ಎಮ್ಮಿ ರಕ್ತ ಹೀರುವಾಗ ಎಮ್ಮಿ ಬಾಲ ಬೀಸ್ತೈತಿ. ಅರ್ಧ ಹೊಟ್ಟಿಲೆ ಎದ್ದು ಕುದರಿ ಮ್ಯಾಲ ಕುಂಡರ್ತೈತಿ. ಅದರ ಬಾಯಿಗೆ ಹತ್ತಿದ ಹಸಿ ರಕ್ತದಾಗ ಈ ಹುಳ ದಾಟ್ತೈತಿ. ಕುದರಿ ಮಾತ್ರ ತಡಕೊಳ್ಳಂಗಿಲ್ಲ."

ಎರಡಕ್ಕೂ ಇಂಜೆಕ್ಷನ್ ಆಯಿತು. ಎಮ್ಮೆಯನ್ನು ಹಿತ್ತಿಲಿಗೆ ಕಟ್ಟಿದರು. ಕುದುರೆ ಉಳಿಯಿತು, ಆದರೆ ಹಿಂಗಾಲು ಮೊದಲಿನಂತಾಗಲಿಲ್ಲ. ಮಾವ ಸಿಂಧನೂರಿನ ಕಡೆಗೆ ಬಸ್ಸು ಹಿಡಿದು ಹೋಗತೊಡಗಿದರು.

ಮುದುಕಿಗೆ ಹುಲ್ಲು ತರಲು ಹೇಳಿ ಕಳಿಸಿದೆವು. ಬರಲಿಲ್ಲ. ಒಂದು ಮುಂಜಾನೆ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಾಗ ಅವಳು ಸಿಕ್ಕಳು. ನಾನು ಎಲ್ಲ ಹೇಳಿಬಿಟ್ಟೆ. ಅವಳು ಕುಡುಗೋಲು ನಿಲ್ಲಿಸಲಿಲ್ಲ.

"ಗೊತ್ತೈತಿ ತಂಗಿ. ನಾ ನೊಣ ಹೊಡದಾಗ ಅಲ್ಲಿ ನೀನೊಬ್ಬಾಕಿನ ಇದ್ದಿ. ಹುಲ್ಲು ಕೊಡ್ತೀನಿ, ನನಗೂ ಹೊಟ್ಟಿ ಐತಿ. ಆದ್ರ ನಿಮ್ಮ ಅಂಗಳದಾಗ ಕಾಲಿಡಂಗಿಲ್ಲ. ಬೀದ್ಯಾಗ ಇಡ್ತೀನಿ, ನೀನ ಬಂದು ಎತ್ತಿಕೋ."

ಹಾಗೇ ನಡೆಯಿತು. ಅವಳು ಯಾಕೆ ಒಳಗೆ ಬರುವುದಿಲ್ಲ ಎಂದು ಅತ್ತೆ ದಿನಾ ಗೊಣಗುತ್ತಿದ್ದರು, ಹೊರೆ ಬಿಚ್ಚಿ ಒಂದೊಂದು ಹಿಡಿ ತಿರುವಿ ನೋಡುತ್ತಿದ್ದರು. ತಡೆಯಲಾರದೆ ಒಂದು ದಿನ ಅವರಿಗೂ ನೊಣದ ಮಾತು ಹೇಳಿದೆ.

ಅತ್ತೆ ಹುಲ್ಲನ್ನು ಕೆಳಗಿಟ್ಟರು. "ಅವತ್ತು ಒಂದು ಹೇಳಿದಿ, ಇವತ್ತು ಒಂದು ಹೇಳಾಕತ್ತಿ. ನಾ ಯಾವುದನ್ನ ನಂಬಲಿ?" ಎಂದರು.

ಮುಂದೆ ಎಷ್ಟೋ ವರ್ಷ, ಹಾಲು ಕಾಯಿಸಿದೆಯಾ ಎಂಬುದನ್ನೂ ಅವರು ನನ್ನನ್ನು ಎರಡು ಸಲ ಕೇಳುತ್ತಿದ್ದರು.