ಹಣೆ ಮೇಲಿನ ಕರಿ ಬೂದಿ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಬೆಚ್ಚಿ ಬೀಳುವ ಪೈಕಿ. ಅಂಥವಳಿಗೆ ಹೊಸಪೇಟೆಯ ಆ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಕನ್ನಡ ಪಾಠದ ಜೊತೆಗೆ ಸರ್ವಧರ್ಮ ಕಾರ್ಯಕ್ರಮಗಳ ಉಸ್ತುವಾರಿಯನ್ನೂ ಗಂಟುಹಾಕಿದ್ದರು. "ನೀವು ಶಿವಪೂಜೆ ಮಾಡೋ ಮನೆಯವರು. ನೀವು ಹೇಳಿದ್ರೆ ಮಕ್ಕಳು ಕೇಳ್ತಾರೆ" ಅಂದಿದ್ದರು ಹೆಡ್ ಸಿಸ್ಟರ್.

ಗಣಿ ಜೋರಾಗಿದ್ದ ಕಾಲ ಅದು. ಅದಿರು ಲಾರಿಗಳ ಕೆಂಪು ಧೂಳು ಪ್ರಾರ್ಥನೆಗೆ ನಿಂತ ಮಕ್ಕಳ ಬಿಳಿ ಸಾಕ್ಸ್ ಮೇಲೂ ಕೂರುತ್ತಿತ್ತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಅಪ್ಪ ಲಾರಿ ಇಟ್ಟು ದುಡ್ಡು ಮಾಡಿದ್ದ. ಧರ್ಮ ಕಾಯುತ್ತೇವೆ ಅನ್ನುವ ಹುಡುಗರ ಗುಂಪು ಕಟ್ಟಿಕೊಂಡು ಒಂದು ದಿನ ಗೇಟಿಗೇ ಬಂದ. "ಟೀಚರ್, ನನ್ನ ಮಗಳ ಮೈಮ್ಯಾಲೆ ಇವ್ರ ದೇವ್ರ ಗುರ್ತು ಒಂದು ಕಾಣ್ಲಿ, ಅವತ್ತೇ ಸಾಲಿ ಬಿಡಿಸಿ ಮನ್ಯಾಗ ಕುಂದ್ರಸ್ತೀನಿ" ಅಂದ. ಹುಡುಗಿ ಭಾಳ ಶ್ಯಾಣೆ. ನನ್ನ ಕ್ಲಾಸಿನಲ್ಲಿ ಅಂಥ ಇನ್ನೊಬ್ಬಳು ಇರಲಿಲ್ಲ.

ಮುಂದಿನ ವಾರವೇ ಬೂದಿ ಬುಧವಾರ, ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ದಿನ. ಹಿಂದಿನ ವರ್ಷದ ಹಬ್ಬದಲ್ಲಿ ಹಿಡಿದ ತಾಳೆಗರಿಗಳನ್ನು ಸುಟ್ಟ ಬೂದಿಯಿಂದ ಫಾದರ್ ಕ್ರೈಸ್ತ ಮಕ್ಕಳ ಹಣೆಗೆ ಶಿಲುಬೆ ಎಳೆಯುತ್ತಾರೆ. ಉಳಿದವರು ಹಿಂದೆ ಕೂತು ನೋಡಬಹುದು ಅಂತ ನಾನೇ ಹೇಳಿದ್ದೆ. ಆದರೆ ನಾನು ಒಳಗೆಲ್ಲಿದ್ದೆ? ಗೇಟಿಗೆ ಯಾರಾದರೂ ಬಂದಾರೆಂಬ ಅಂಜಿಕೆಗೆ ಚರ್ಚಿನ ಬಾಗಿಲಲ್ಲೇ ನಿಂತು ರಸ್ತೆ ಕಾಯುತ್ತಿದ್ದೆ. ಅವತ್ತು ಹುಡುಗಿ ಅವಸರದಲ್ಲಿ ವಿಭೂತಿ ಹಚ್ಚಿಕೊಳ್ಳದೇ ಬಂದಿದ್ದಳಂತೆ. ಬರಿ ಹಣೆಯಲ್ಲಿ ಇರಬಾರದೆಂದು ಅಜ್ಜಿಯ ಕಟ್ಟುನಿಟ್ಟು. ಎದುರಿಗೆ ಬೂದಿ ಕಂಡದ್ದೇ ತಡ, ಮಠದಲ್ಲಿ ಸ್ವಾಮಿಗಳ ಮುಂದೆ ಹಣೆ ಒಡ್ಡಿದ ಹಾಗೆ ಸಾಲಿನಲ್ಲಿ ಹೋಗಿ ಒಡ್ಡಿದ್ದಾಳೆ. ಫಾದರ್ ಹೊಸಬರು, ಯಾರ ಮಗಳು ಅಂತ ಅವರಿಗೇನು ಗೊತ್ತು?

ನನಗೆ ಕಂಡದ್ದು ಶಾಲೆ ಬಿಟ್ಟ ಮೇಲೆ. ಆಟೋದಿಂದ ಬಗ್ಗಿ "ಟಾಟಾ ಮಿಸ್" ಅಂತ ನಗುತ್ತಿದ್ದಳು, ಹಣೆ ಮೇಲೆ ಕಪ್ಪಗೆ ಶಿಲುಬೆ! ನಾನು ಕೂಗುವಷ್ಟರಲ್ಲಿ ಆಟೋ ಹೋಯಿತು.

ಇನ್ನೊಂದು ಆಟೋ ಹಿಡಿದೆ. "ಜಲ್ದಿ ಹೋಗ್ರಪ್ಪಾ" ಅಂದರೆ ಮುಂದೆ ಲಾರಿಗಳ ಸಾಲು. ಅವಳಪ್ಪ ಈಗಾಗಲೇ ಮನೆಗೆ ಬಂದಿದ್ದರೆ? ಹುಡುಗಿಗೆ ಹೊಡೆದರೆ? ನಾಳೆ ಆ ಹುಡುಗರೆಲ್ಲ ಶಾಲೆಗೆ ನುಗ್ಗಿದರೆ? ಶಿವಾ ಶಿವಾ ಅನ್ನುತ್ತಾ ಸೆರಗು ಹಿಂಡುತ್ತಾ ಕೂತಿದ್ದೆ.

ಮನೆಯಲ್ಲಿ ಅಜ್ಜಿ ಅಕ್ಕಿ ಹಸನು ಮಾಡುತ್ತಿದ್ದರು. ಹುಡುಗಿ ಎದುರಿಗೇ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ನಾನು ತೊದಲುತ್ತಾ ಹೇಳಿ ಮುಗಿಸುವುದಕ್ಕೂ ಹೊರಗೆ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಅಜ್ಜಿ ಮೊಮ್ಮಗಳನ್ನು ಎಳೆದುಕೊಂಡು, ಮೂರು ಬೆರಳಿಟ್ಟು ಆ ಶಿಲುಬೆಯನ್ನು ಅಡ್ಡಕ್ಕೆ ಎಳೆದುಬಿಟ್ಟರು.

"ಏನ್ರಿ ಟೀಚರ್, ಮನೀತನಕ?" ಅಂದ ಅಪ್ಪ.

ನಾನು ತಡವರಿಸಿದೆ. "ಚಲೋ ಓದ್ತಾಳ್ರಿ... ಹೇಳಿ ಹೋಗಾಣ ಅಂತ..."

ಅವನು ಮಗಳ ಗದ್ದ ಹಿಡಿದು ಮುಖ ಎತ್ತಿದ. "ವಿಭೂತಿ ಯಾಕ ಹಿಂಗ ಕರ್ರಗೈತಿ?"

ಹುಡುಗಿ ನನ್ನನ್ನೇ ನೋಡಿದಳು.

"ವಿಭೂತಿ ತೀರೈತಿ, ಒಲಿ ಬೂದಿ ಹಚ್ಚೀನಿ" ಅಂದರು ಅಜ್ಜಿ, ಮೊರದಿಂದ ಕಣ್ಣೆತ್ತದೆ. "ಲಾರಿ ಮ್ಯಾಲೆ ಲಾರಿ ತರ್ತಿ. ಮನಿಗೆ ಒಂದು ವಿಭೂತಿ ಗಟ್ಟಿ ತರಾಕ ಆಗಲ್ಲ ನಿನಗ."

"ತರ್ತೀನಿ ಬಿಡವ್ವ" ಅಂತ ನಗುತ್ತಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಅಜ್ಜಿ ಗೇಟಿನವರೆಗೆ ಬಂದರು. "ನಾಳಿಗೆ ಹುಡುಗಿ ಬರ್ತಾಳ. ನೀವು ಹೋಗ್ರಿ" ಅಂದರು.

"ನಿಮ್ಮ ಧೈರ್ಯಕ್ಕೆ ಕೈ ಮುಗೀಬೇಕ್ರಿ ಅಜ್ಜಿ" ಅಂದೆ.

ಅವರು ಗೇಟು ಹಿಡಿದಿದ್ದರು. ಕೈ ನಡುಗಿ ಚಿಲಕ ಗಡಗಡ ಅನ್ನುತ್ತಿತ್ತು.

"ಎಲ್ಲೀ ಧೈರ್ಯ ತಾಯಿ" ಅಂದರು ಮೆಲ್ಲಗೆ. "ನಾನೇ ಹೆತ್ತ ಮಗ. ಅವನ ಜೀಪಿನ ಸಪ್ಪಳ ಕೇಳಿದ್ರ ನನಗ ದಿನಾ ಹಿಂಗ ಆಗ್ತೈತಿ."