ಗೀಚು ಬೀಳದ ಸಲಿಕೆ

ನಿರುಪಮಾಳಿಗೆ ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ಮಾರ್ಗನ್ ಹಿಲ್‌ನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ, ಬಂದವರ ಹಲ್ಲಿಗೆ ಗಾರೆಯಂತೆ ಅಂಟಿದ ಕೊಳೆಯನ್ನು ಕೆರೆದು ತೆಗೆಯುವುದೇ ಅವಳ ಕೆಲಸ. ಮನೆಗೆ ಬಂದಾಗ ಮಗಳು ಹಂಸಾ ಸೋಫಾದ ಮೇಲೆ ವಾಂತಿ ಮಾಡಿಕೊಂಡಿದ್ದರೆ, "ಅಯ್ಯೋ ನನ್ ಬಂಗಾರ, ಹೊಟ್ಟೆ ನೋವಾ?" ಎಂದು ಮೊದಲು ಮಗುವನ್ನು ಎತ್ತಿಕೊಂಡು, ಆಮೇಲೆ ಒರೆಸುವ ಬಟ್ಟೆ ಹುಡುಕುವವಳು. ಅಂಥವಳಿಗೆ ಆ ಭಾನುವಾರ ಪಾರ್ಕಿನಲ್ಲಿ, ಫಳಫಳ ಹೊಳೆಯುವ ಹೊಚ್ಚಹೊಸ ಸಲಿಕೆಯೊಂದನ್ನು ನೋಡಿ ಹೇಸಿಗೆಯಾಯಿತು.

ಮೈಸೂರಿನಲ್ಲಿ ಬೆಳೆದ ಅವಳಿಗೆ ಹಿಮದ ಹುಚ್ಚು ಹಿಡಿದದ್ದು ಮದುವೆಯಾಗಿ ಬಂದ ಮೇಲೆ. ಗಂಡ ಸುಮನ್ ಹುಬ್ಬಳ್ಳಿಯವನು, ಸ್ಯಾನ್ ಹೋಸೆಯಲ್ಲಿ ಇಂಜಿನಿಯರು. ಇಬ್ಬರೂ ಟಾಹೋ ಕಡೆಯ ರೆಸಾರ್ಟಿನಲ್ಲಿ ಬಿದ್ದು ಎದ್ದು, ಹಿಮದ ಮೇಲೆ ಜಾರುವ ಸ್ಕೀ ಕಲಿತರು. ಬಸಿರು, ಬಾಣಂತನ ಎಂದು ಕೆಲವು ಚಳಿಗಾಲ ಬಿಟ್ಟುಹೋಯಿತು. ಮತ್ತೆ ಶುರು ಮಾಡಿದಾಗ ಅವಳಿಗೆ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲಿನಲ್ಲಿ ನಿಲ್ಲುವುದೇ ಬೇಸರವಾಗಿತ್ತು. ಸ್ವಂತ ಕಾಲಿನಲ್ಲಿ ಬೆಟ್ಟ ಹತ್ತಿ, ಯಾರೂ ತುಳಿಯದ ಇಳಿಜಾರಿನಲ್ಲಿ ಇಳಿಯಬೇಕು ಎಂಬ ಆಸೆ. ಸುಮನ್ ಹಿಮದಲ್ಲಿ ಜಾರುವ ಸ್ಪ್ಲಿಟ್‌ಬೋರ್ಡು ತಂದ. ಹತ್ತುವಾಗ ಅದು ಎರಡು ಹಲಗೆ, ಇಳಿಯುವಾಗ ಕೂಡಿಸಿದರೆ ಒಂದು.

ಆದರೆ ಅಂಥ ಬೆಟ್ಟಗಳಲ್ಲಿ ಕಾಯುವವರಿಲ್ಲ. ಹಿಮ ಇದ್ದಕ್ಕಿದ್ದಂತೆ ಜಾರಿ, ಮನುಷ್ಯರನ್ನು ಹೂತು ಹಾಕುತ್ತದೆ. "ಮಗು ಇರೋ ಮನೆ. ಕಲೀದೆ ನಾನು ಒಂದ್ ಹೆಜ್ಜೆನೂ ಹತ್ತಲ್ಲ," ಎಂದು ನಿರುಪಮಾ ಹಟ ಹಿಡಿದಳು. ಹಾಗಾಗಿ ಹಿಮಕುಸಿತದ ಮೊದಲ ತರಬೇತಿಗೆ ನಾಲ್ವರು ಸೇರಿದರು: ಇವರಿಬ್ಬರು, ಸುಮನ್‌ನ ಆಫೀಸಿನ ಅಚ್ಯುತ, ಮತ್ತು ಜಯರಾಮ್.

ಸುಮನ್ ಈ ದೇಶಕ್ಕೆ ಬಂದಿಳಿದಾಗ ಏರ್‌ಪೋರ್ಟಿಗೆ ಬಂದು ಕರೆದೊಯ್ದು, ತಿಂಗಳುಗಟ್ಟಲೆ ತಮ್ಮ ಮನೆಯಲ್ಲಿ ಇಟ್ಟುಕೊಂಡವರು ಕ್ಯುಪರ್ಟಿನೋದ ಈ ಜಯರಾಮ್. ಯುಗಾದಿಯ ಊಟವಿರಲಿ, ಕ್ಯಾಂಪಿಂಗ್ ಇರಲಿ, ಮುಂದಾಳು ಅವರೇ. ಅವರಿಗೊಂದು ಹೆಮ್ಮೆ: ಕೊಂಡ ಸಾಮಾನನ್ನು ಬಳಸಿ ಅಂಗಡಿಗೆ ವಾಪಸ್ ಮಾಡುವುದು. ಕ್ರಿಕೆಟ್ ಪಂದ್ಯ ಮುಗಿದ ಮಾರನೆಯ ದಿನ ಪ್ರೊಜೆಕ್ಟರ್ ವಾಪಸ್, ಟ್ರಿಪ್ಪು ಮುಗಿದರೆ ಟೆಂಟು ವಾಪಸ್. ಕೇಳಿದವರೆಲ್ಲ ನಗುತ್ತಿದ್ದರು. ನಿರುಪಮಾಳೂ ನಕ್ಕಿದ್ದಳು.

ಆ ಭಾನುವಾರ, ಪಾರ್ಕಿನ ವಾಲಿಬಾಲ್ ಮರಳಂಗಳದಲ್ಲಿ ಅಭ್ಯಾಸ. ಹಿಮದ ಮೇಲಿನ ಪಾಠ ಮುಂದಿನ ಶನಿವಾರ ಇತ್ತು.

"ಹಿಮದ ಪಾಠ ಏನ್ ಬೇಡ ಬಿಡಿ," ಎಂದರು ಜಯರಾಮ್. "ಕಂಪ್ಯೂಟರಲ್ಲಿ ನೋಡೋ ಪಾಠಾನೆಲ್ಲ ಆಫೀಸ್ ಮೀಟಿಂಗ್ ಮಧ್ಯದಲ್ಲೇ ಓಡಿಸಿ ಮುಗಿಸಿದೀನಿ. ಶನಿವಾರ ನಾವೇ ನಾಲ್ಕು ಜನ ಬೆಟ್ಟಕ್ಕೆ ಹೋಗ್ಬಿಡೋಣ. ಹಿಮ ಏನ್ ನಮ್ ಸರ್ಟಿಫಿಕೇಟು ಕೇಳತ್ತಾ?"

ಕಲಿಸುವವಳು ನರೆಗೂದಲಿನ ಗಟ್ಟಿ ಹೆಂಗಸು. ಹೂತುಹೋದವರಿಗೆ ಕೆಲವೇ ನಿಮಿಷಗಳ ಉಸಿರು, ಊರಿನಿಂದ ಸಹಾಯ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಉಳಿಸಿದರೆ ಪಕ್ಕದಲ್ಲಿದ್ದವರೇ ಉಳಿಸಬೇಕು ಎಂದಳು. ಅದಕ್ಕೇ ಸಂಕೇತ ಕಳಿಸುವ, ಇನ್ನೊಬ್ಬರ ಸಂಕೇತ ಹಿಡಿಯುವ ಬೀಕನ್ ಮೈಮೇಲಿರಬೇಕು, ಚುಚ್ಚಿ ನೋಡುವ ಕೋಲು ಮತ್ತು ಸಲಿಕೆ ಬೆನ್ನಿನ ಚೀಲದಲ್ಲಿ ಥಟ್ಟನೆ ಸಿಗಬೇಕು. ಆಮೇಲೆ ಒಂದು ದೊಡ್ಡ ಚೀಲಕ್ಕೆ ತುಂಬಲು ಬಟ್ಟೆ ಕೇಳಿದಳು. ನಿರುಪಮಾ ತೊಟ್ಟಿದ್ದ ಸ್ವೆಟರು ಬಿಚ್ಚಿ ಕೊಟ್ಟಳು. ಬೀಕನ್ ಒಂದನ್ನು ಅದರೊಳಗೆ ಸುತ್ತಿ, ಚೀಲವನ್ನು ಮರಳಿನಲ್ಲಿ ಆಳಕ್ಕೆ ಹೂತು, ನಿರುಪಮಾಳ ಕಡೆ ಕೈ ತೋರಿಸಿ, "ಇವಳು ಕೆಳಗಿದ್ದಾಳೆ ಅಂದುಕೊಳ್ಳಿ. ಹುಡುಕಿ," ಎಂದು ಮೂವರು ಗಂಡಸರನ್ನು ಬಿಟ್ಟಳು.

ಜಯರಾಮ್ ಅವರ ಬೀಕನ್ ಮೈಮೇಲೆ ಇರಲಿಲ್ಲ, ಚೀಲದೊಳಗೆ ಡಬ್ಬಿಯಲ್ಲೇ ಇತ್ತು. ಡಬ್ಬಿ ಹರಿಯದಂತೆ ಉಗುರಿನಿಂದ ಬಿಡಿಸಿ ಅದನ್ನು ತೆಗೆಯುವಷ್ಟರಲ್ಲಿ, ಅಚ್ಯುತನ ಬೀಕನ್ ಕೂಗುತ್ತಾ ಜಾಗ ತೋರಿಸಿತ್ತು. ಸುಮನ್ ಚುಚ್ಚಿದ ಕೋಲು ಚೀಲಕ್ಕೆ ತಾಗಿತು. ಇನ್ನು ಅಗೆಯಬೇಕು. ಜಯರಾಮ್ ಸಲಿಕೆ ತೆಗೆದರು. ಅದರ ಅಲಗಿಗೆ, ಮಿಕ್ಕ ಪಲ್ಯದ ಬಟ್ಟಲಿಗೆ ಸುತ್ತುವ ತೆಳು ಪ್ಲಾಸ್ಟಿಕ್ಕನ್ನು ನೀಟಾಗಿ ಸುತ್ತಿದ್ದರು. ಮರಳನ್ನು ದೋಸೆ ಮಗುಚುವವರಂತೆ ಮೆಲ್ಲಗೆ ಸವರತೊಡಗಿದರು.

"ಜಯರಾಮ್ ಅವ್ರೇ, ಜೋರಾಗಿ ಅಗೀರಿ!" ನಿರುಪಮಾ ಕೂಗಿದಳು.

"ನಿಧಾನ ಕಣಮ್ಮಾ. ಗೀಚು ಬಿದ್ರೆ ವಾಪಸ್ ತೊಗೊಳಲ್ಲ ಅವ್ರು."

ಅಚ್ಯುತ ಕಿಸಕ್ಕನೆ ನಕ್ಕ. ಅವನ ಸಲಿಕೆ ಇನ್ನೂ ಅಂಗಡಿಯ ರಟ್ಟಿಗೇ ಅಂಟಿಕೊಂಡಿತ್ತು, ಬರಿಗೈಯಲ್ಲಿ ಬಗೆಯುತ್ತಿದ್ದ. ಸುಮನ್ ಸಲಿಕೆ ಹಿಡಿದು ಜಯರಾಮ್ ಮುಖವನ್ನೇ ನೋಡುತ್ತ ನಿಂತಿದ್ದ. ಅವನ ಜಾಕೆಟ್ಟಿನ ಕೊರಳಿನಿಂದ ಬೀಕನ್ನಿನ ಬೆಲೆ ಚೀಟಿ ಇಣುಕುತ್ತಿತ್ತು.

ಅಷ್ಟರಲ್ಲಿ ಬದಿಯಲ್ಲಿ ಆಡುತ್ತಿದ್ದ ಹಂಸಾ ಓಡಿಬಂದಳು. ಅಮ್ಮನ ಸ್ವೆಟರು ಮರಳಿಗೆ ಹೋದದ್ದನ್ನು ಅವಳು ಕಂಡಿದ್ದಳು. "ಅಪ್ಪಾ, ಡಿಗ್! ಅಮ್ಮಾಸ್ ಸ್ವೆಟರ್ ಕಾಂಟ್ ಬ್ರೀದ್!" ಎನ್ನುತ್ತ ಆಟದ ಬಕೆಟ್ಟಿನಿಂದ ಮರಳು ಎತ್ತಿ ಎಸೆಯತೊಡಗಿದಳು. ಮುಖ ಕೆಂಪಾಗಿತ್ತು, ಆಟವಾಡುವ ಮುಖವಲ್ಲ ಅದು.

"ನೋಡ್ರಪ್ಪಾ, ರೆಸ್ಕ್ಯೂ ಟೀಮು ಬಂತು!" ಎಂದರು ಜಯರಾಮ್. ಎಲ್ಲರೂ ನಕ್ಕರು. ಸುಮನ್ ಕೂಡ ನಕ್ಕ.

ನಿರುಪಮಾಳ ಬಾಯಲ್ಲಿ ಹುಳಿನೀರು ಬಂತು. ಉಗುಳಿದಳು. ಮಗಳನ್ನು ಎತ್ತಿಕೊಂಡು ಕೈಯ ಮರಳು ಕೊಡವಿದಳು.

"ಶನಿವಾರ ನಿಮ್ ಜೊತೆ ನಾನು ಬರಲ್ಲ."

"ಯಾಕಮ್ಮಾ? ಇಷ್ಟಕ್ಕೆಲ್ಲಾ ಕೋಪಾನಾ? ಅಲ್ಲೇನಾದ್ರೂ ಆದ್ರೆ ಸಲಿಕೆ ಮುಖ ನೋಡ್ಕೊಂಡು ಕೂತ್ಕೋತೀವಾ?"

"ಈಗ ಕೂತ್ಕೊಂಡ್ರಲ್ಲ! ಆ ಗುಂಡಿಲಿ ನಾನಿದ್ದಿದ್ರೆ ನಿಮ್ ಪ್ಲಾಸ್ಟಿಕ್ಕಿಗೆ ಮೊದ್ಲು ಮರ್ಯಾದೆ, ಆಮೇಲೆ ನನಗೆ. ನೆನೆಸ್ಕೊಂಡ್ರೆ ಹೇಸಿಗೆ ಆಗತ್ತೆ ನಂಗೆ."

ಜಯರಾಮ್ ನಗು ಮಾಸಿತು. "ಏನೋ ಸುಮನ್ನು, ನಿನ್ ಹೆಂಡ್ತಿ ಹಲ್ಲು ಕೀಳೋ ಹಾಗೆ ಮಾತಾಡ್ತಾಳಲ್ಲೋ." ಸುಮನ್ ಮಗಳ ಬಕೆಟ್ಟು ಎತ್ತಿಕೊಂಡು ಕಾರಿನ ಕಡೆ ನಡೆದ.

ಫ್ರೀವೇ ಹಿಡಿದರು. ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಹೋದ ಮೇಲೆ ಅವಳೇ ಕೇಳಿದಳು: "ನಿಂದೂ ವಾಪಸ್ ಹೋಗತ್ತಾ?"

"ಎಲ್ಲಾರೂ ಹಂಗ ಮಾಡೂಣು ಅಂದ್ರು. ನಾ ಒಬ್ಬಾವನ ಏನ್ ಶಾಣ್ಯಾ ಆಗೂದು? ಜಯರಾಮಣ್ಣ ನಮಗ ಎಷ್ಟ್ ಮಾಡ್ಯಾರ, ನಿರೂ."

"ಮಾಡಿದಾರೆ, ಇಲ್ಲ ಅನ್ನಲ್ಲ. ಅದಕ್ಕೆ ನೀನು ಅಗೀದೆ ನಿಂತ್ಕೊಂಡ್ಯಾ? ನಿನ್ ಮಗಳು ಬಕೆಟ್ಟಲ್ಲಿ ಅಗೀತಿದ್ಲು."

ಆ ವಾರವೆಲ್ಲ ಅವಳು ಅಡುಗೆ ಮಾಡಿದಳು, ಹಂಸಾಳ ಡೇಕೇರಿನ ಡಬ್ಬಿ ಕಟ್ಟಿದಳು, ಸುಮನ್‌ನ ಶರ್ಟುಗಳನ್ನೂ ಮಡಚಿಟ್ಟಳು. ಆದರೆ ಅವನು ಪಕ್ಕದಲ್ಲಿ ಕೂತು ಉಣ್ಣುವಾಗ ತಟ್ಟೆ ಎತ್ತಿಕೊಂಡು ಮಗಳ ಪಕ್ಕಕ್ಕೆ ಹೋಗುತ್ತಿದ್ದಳು. ಜಯರಾಮ್ ಮೇಲಿನ ಅಸಹ್ಯ ಎರಡು ದಿನಕ್ಕೆ ತಣ್ಣಗಾಯಿತು. ಅವರು ಇರುವುದೇ ಹಾಗೆ. ಗಂಡನ ಆ ನಗುವನ್ನು ಮಾತ್ರ ಮರೆಯಲಾಗಲಿಲ್ಲ.

ಶುಕ್ರವಾರ ಸಂಜೆ ಸುಮನ್ ಹೇಳಿದ: "ಜಯರಾಮಣ್ಣಗ ನಾ ಬರಾಂಗಿಲ್ಲ ಅಂತ ಹೇಳೀನಿ."

"ಯಾಕೆ?"

"ನೀ ಸಿಟ್ಟಾಗೀಯಲ್ಲ, ಅದಕ್ಕ."

ಅವಳಿಗೆ ಸಮಾಧಾನವೂ ಆಯಿತು, ಕೂಡಲೇ ಮತ್ತೆ ಮೈ ಉರಿಯಿತು. ಹೋಗದೆ ಉಳಿದನಲ್ಲ ಎಂಬುದು ಸಮಾಧಾನ. ಉಳಿದ ಕಾರಣ ಇಷ್ಟೇನಾ ಎಂಬುದು ಉರಿ. "ನಾಳೆ ಹಿಮದ ಪಾಠಕ್ಕೆ ನಾನು ಹೋಗ್ತೀನಿ," ಎಂದಳು. "ಹಂಸಾಗೆ ಸ್ವಲ್ಪ ನೆಗಡಿ ಇದೆ. ಮೊಸರು ಬೇಡ, ಸಾರನ್ನ ಕಲಸಿಕೊಡು."

ಶನಿವಾರ ಬೆಟ್ಟದ ಮೇಲೆ, ಪರಿಚಯವೇ ಇಲ್ಲದ ಇಬ್ಬರು ಹೆಂಗಸರ ಜೊತೆ ಅವಳು ಅಗೆದಳು. ಅಲ್ಲಿನ ಹಿಮ ಮರಳಿನಂತೆ ಸಡಿಲವಲ್ಲ, ಸಿಮೆಂಟಿನಂತೆ ಬಿಗಿದಿತ್ತು. ಒಬ್ಬಳಿಗೆ ಸುಸ್ತಾದರೆ ಇನ್ನೊಬ್ಬಳು ಮುಂದೆ ಬಂದಳು. ಹೂತಿದ್ದ ಚೀಲ ಸಿಕ್ಕಾಗ ಅವರಲ್ಲೊಬ್ಬಳು ಅದನ್ನು ಅಪ್ಪಿಕೊಂಡು ನಕ್ಕಳು. ನಿರುಪಮಾಳಿಗೆ ಅಳು ಬಂದಿತ್ತು.

ಸಂಜೆ ಮನೆಗೆ ಬಂದು ಬಾಗಿಲಲ್ಲೇ ಕೂತು ಬೂಟು ಬಿಚ್ಚುವಾಗ ತೋಳು ಎತ್ತಲು ಆಗುತ್ತಿರಲಿಲ್ಲ. ಸುಮನ್ ಕುಕ್ಕರುಗಾಲಲ್ಲಿ ಕೂತು ಅವಳ ಬೂಟಿನ ಪಟ್ಟಿ ಸಡಿಲಿಸಿದ.

"ಹೆಂಗಿತ್ತು?"

"ಮೂರ್ ಜನ ಸೇರಿದ್ರೂ ಕಷ್ಟ ಆಯ್ತು. ಒಬ್ಬರು ಸುಮ್ನೆ ನಿಂತಿದ್ರೂ ಆಗ್ತಿರ್ಲಿಲ್ಲ."

ಅವನು ಇನ್ನೊಂದು ಬೂಟಿನ ಪಟ್ಟಿಗೆ ಕೈ ಹಾಕಿದ. "ನಾ ಅವತ್ತ ನಗಬಾರದಿತ್ತು," ಎಂದ. ಆಮೇಲೆ, "ಮುಂದಿನ ಪಾಠಕ್ಕ ಹೆಸರು ಕೊಡ್ತೀನಿ. ಅದಾದ ಮ್ಯಾಲೆ ನನ್ ಜೋಡಿ ಬೆಟ್ಟಕ್ಕ ಬರ್ತೀಯಿಲ್ಲೋ?"

ಒಳಗೆ ಹಂಸಾ ಕೆಮ್ಮಿದಳು. ನಿರುಪಮಾ ಗೋಡೆ ಹಿಡಿದು ಎದ್ದಳು.

"ಮೊದ್ಲು ಅಗೆಯೋದು ಕಲಿ, ಸುಮನ್. ನೋಡಿ ಹೇಳ್ತೀನಿ."